ಯಾರ ಮನೆಯ ಬೆಕ್ಕು

ಕಾಲರಿನ ಗುಂಡಿ ಹಾಕಲು ಹೋದ ಬೆರಳು ಗಂಡನ ಕತ್ತಿನ ಪಕ್ಕದ ಹಳೆಯ ಗಾಯದ ಗೆರೆಗೆ ತಾಗಿ ಅಲ್ಲೇ ನಿಂತಿತು. ಮೈ ತೊಳೆದಾಗಿತ್ತು, ತಲೆ ಬಾಚಿಯಾಗಿತ್ತು, ಇಸ್ತ್ರಿ ಮಾಡಿದ ಅಂಗಿ ತೊಡಿಸಿಯಾಗಿತ್ತು. ಆ ಒಂದು ಗುಂಡಿ ಮಾತ್ರ ಬಾಕಿ.

"ಬಿಡಮ್ಮ, ಅಪ್ಪ ಯಾವತ್ತೂ ಮೇಲಿನ ಗುಂಡಿ ಹಾಕ್ತಿರ್ಲಿಲ್ಲ," ಎಂದಳು ಮಗಳು. "ಕತ್ತು ಹಿಸುಕಿದ ಹಾಗಾಗುತ್ತೆ ಅಂತಿದ್ರು."

"ಈಗ ಹಿಸುಕಿದ್ರೆ ಏನಾಗುತ್ತೆ?"

ಅಷ್ಟು ಅಳುವಿನ ನಡುವೆಯೂ ಮಗಳಿಗೆ ನಗು ಬಂದುಬಿಟ್ಟಿತು. ತಾಯಿ ನಗಲಿಲ್ಲ. ಆ ಗೆರೆ ಬಂದವರ ಕಣ್ಣಿಗೆ ಬೀಳಬಾರದು, ಅದರಲ್ಲೂ ಒಬ್ಬಳ ಕಣ್ಣಿಗಂತೂ ಬೀಳಲೇಬಾರದು ಎಂದು ಅವಳ ಹಟ. ಗುಂಡಿ ಹಾಕಿಯೇ ಕೈ ತೆಗೆದಳು.

ಸತ್ತವನು ಬಡಗಿ. ಆ ಬೀದಿಯ ಅರ್ಧ ಬಾಗಿಲುಗಳು ಅವನ ಕೈಯವು. ಬಂದವರೆಲ್ಲ ನಡುಮನೆಯಲ್ಲಿ ಗೋಡೆಗೊರಗಿ ಕೂತು ಬಾಗಿಲುಗಳ ಮಾತನ್ನೇ ಆಡುತ್ತಿದ್ದರು.

"ನಮ್ಮ ಮನೆ ಬಾಗಿಲು ಇವತ್ತಿನವರೆಗೂ ಕಿರ್ ಅಂದಿಲ್ಲ ನೋಡಿ," ಎಂದರು ಎದುರುಮನೆಯ ಮುದುಕರು.

"ಮಾಡಿದವನ ಗುಣಾನೇ ಅದಕ್ಕೂ ಬಂದಿದೆ," ಎಂದಳು ನಾದಿನಿ, ಮೂಗೊರೆಸಿಕೊಳ್ಳುತ್ತ. "ನಮ್ಮಣ್ಣ ಎಲ್ಲಿ ಬಾಯಿ ಬಿಡ್ತಿದ್ದ? ಹಸಿವಾದ್ರೂ ತಟ್ಟೆ ಮುಂದೆ ಬಂದು ಕೂರೋನೇ ಹೊರತು ಹಸಿವು ಅಂತಿರ್ಲಿಲ್ಲ."

ಎಲ್ಲರೂ ಹೌದು ಹೌದು ಎಂದರು. ಹೆಂಡತಿಗೆ ಇದಾವುದೂ ಕಿವಿಗೆ ಬೀಳಲಿಲ್ಲ. ಅವಳು ಮೈಯೆಲ್ಲ ಕಣ್ಣಾಗಿ ಬಾಗಿಲನ್ನೇ ನೋಡುತ್ತಿದ್ದಳು. ಆ ಇನ್ನೊಬ್ಬಳು ಬರುತ್ತಾಳೋ ಇಲ್ಲವೋ? ಬಂದರೆ ಎಷ್ಟು ಅಳುತ್ತಾಳೆ?

*

ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಗಡ್ಡ ಹೆರೆಯುತ್ತಿದ್ದ ಗಂಡ ಕತ್ತಿನ ಮೇಲೆ ಕೈಯಿಟ್ಟುಕೊಂಡು ಕನ್ನಡಿಯ ಮುಂದೆ ನಿಂತೇ ಇದ್ದ. ಅವಳು ಹೋಗಿ ಮುಟ್ಟಿ ನೋಡಿದಳು. ಚರ್ಮದ ಕೆಳಗೆ ಸಾಲಾಗಿ ಗಂಟುಗಳು. ಎರಡು ಮೂರು ಕಡಲೆಕಾಳಿನಷ್ಟು, ಒಂದು ಮಾತ್ರ ಗೋಲಿಯಷ್ಟು. ಒತ್ತಿದರೆ ನೋವಿಲ್ಲ, ರಬ್ಬರಿನಂತೆ ಬೆರಳಡಿ ಜಾರುತ್ತಿತ್ತು.

ಮೊದಲ ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ಮುಗಿದವು, ಗಂಟು ಇಳಿಯಲಿಲ್ಲ. ಎರಡನೆಯವರು ಕ್ಷಯವಿರಬಹುದೆಂದು ಎದೆಯ ಫೋಟೋ ತೆಗೆಸಿದರು. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಗೋಲಿಯಷ್ಟಿದ್ದ ಗಂಟನ್ನು ಕೊಯ್ದು ತೆಗೆದು ಪರೀಕ್ಷೆಗೆ ಕಳಿಸಿದರು, ರಕ್ತವನ್ನೂ ತೆಗೆದುಕೊಂಡರು. ಕ್ಯಾನ್ಸರ್ ಎಂಬ ಮಾತನ್ನು ಯಾರೂ ಆಡಲಿಲ್ಲ. ಆಡದೆಯೇ ಅದು ಮನೆಯೊಳಗೆ ಬಂದು ಕೂತಿತ್ತು. ಫಲಿತಾಂಶ ಬರುವವರೆಗೆ ಅವಳು ಗಂಡನ ತಟ್ಟೆಗೆ ಬಡಿಸುವಾಗಲೆಲ್ಲ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು.

ಕೊನೆಗೆ ಡಾಕ್ಟ್ರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು.

"ಹೆದರಬೇಡಿ. ಕ್ಯಾನ್ಸರ್ ಅಲ್ಲ, ಕ್ಷಯಾನೂ ಅಲ್ಲ. ಟಾಕ್ಸೊಪ್ಲಾಸ್ಮಾ ಅಂತ ಒಂದು ರೋಗಾಣು. ಅದು ಈಚೆಗೆ ತಗುಲಿರೋ ಗುರುತು ರಕ್ತದಲ್ಲಿದೆ, ಕೊಯ್ದು ತೆಗೆದ ಗಂಟಿನಲ್ಲೂ ಅದರದೇ ಲಕ್ಷಣ ಕಂಡಿದೆ. ಇವರು ಗಟ್ಟಿ ಆಳು, ಔಷಧಿ ಬೇಕಾಗಿಲ್ಲ. ನಿಧಾನವಾಗಿ ತಾನೇ ಇಳಿಯುತ್ತೆ."

ಅವಳಿಗೆ ಹೋದ ಜೀವ ಬಂದಂತಾಯಿತು. "ಇದು ಎಲ್ಲಿಂದ ಅಂಟಿಕೊಳ್ತು ಡಾಕ್ಟ್ರಮ್ಮ?"

"ಅರೆಬೆಂದ ಮಾಂಸದಿಂದ ಬರಬಹುದು, ಸರಿಯಾಗಿ ತೊಳೆಯದ ತರಕಾರಿಯಿಂದ..."

"ನನ್ನ ಅಡುಗೇಲಿ ಅರೆಬೆಂದದ್ದು ಅನ್ನೋದೇ ಇಲ್ಲ. ತರಕಾರೀನ ಮೂರು ನೀರಲ್ಲಿ ತೊಳೀತೀನಿ."

"ಇಲ್ಲಾಂದ್ರೆ ಬೆಕ್ಕು. ಬೆಕ್ಕಿನ ಹೇಲು ಮಣ್ಣಲ್ಲೋ ಮರಳಲ್ಲೋ ಸೇರಿರುತ್ತೆ, ಅದು ಕೈಗಂಟಿ ಬಾಯಿಗೆ ಹೋಗುತ್ತೆ. ಮನೇಲಿ ಬೆಕ್ಕಿದೆಯಾ?"

"ಬೆಕ್ಕಾ! ನಮ್ಮನೆ ಹೊಸಿಲು ಬೆಕ್ಕು ತುಳಿಯೋ ಹಾಗಿಲ್ಲ."

ಅದು ನಿಜ. ಮದುವೆಯಾದ ಹೊಸತರಲ್ಲಿ ಗಂಡ ಅಂಗಿಯೊಳಗೆ ಒಂದು ಮರಿ ಇಟ್ಟುಕೊಂಡು ಬಂದಿದ್ದ. ಅದೋ ನಾನೋ ಎಂದು ಅವಳು ಪಟ್ಟು ಹಿಡಿದಿದ್ದಳು. ಅವನು ತುಟಿಪಿಟಕ್ಕೆನ್ನದೆ ಮರಿಯನ್ನು ವಾಪಸು ಬಿಟ್ಟು ಬಂದಿದ್ದ.

"ಎಷ್ಟೋ ಸಲ ಎಲ್ಲಿಂದ ಬಂತು ಅನ್ನೋದು ಗೊತ್ತೇ ಆಗಲ್ಲ ಬಿಡಿ," ಎಂದರು ಡಾಕ್ಟ್ರಮ್ಮ. ಆ ಮಾತು ಅವಳಿಗೆ ಕೇಳಿಸಲಿಲ್ಲ. ಅವಳು ಗಂಡನನ್ನು ನೋಡುತ್ತಿದ್ದಳು. ಅವನು ನೆಲ ನೋಡುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು.

ಕ್ಯಾನ್ಸರ್ ಅಲ್ಲವೆಂಬ ಸಂತೋಷ ಆಸ್ಪತ್ರೆಯ ಗೇಟು ದಾಟುವವರೆಗೂ ಬಾಳಲಿಲ್ಲ.

"ಯಾರ ಮನೆ ಬೆಕ್ಕು?" ಎಂದಳು.

"ಯಾವ ಬೆಕ್ಕೂ ಇಲ್ಲ," ಎಂದ. ಅಲ್ಲಿಗೆ ಬಾಯಿಗೆ ಬೀಗ ಬಿತ್ತು.

ನಮ್ಮ ಮನೆಯಲ್ಲಿ ಬೆಕ್ಕಿಲ್ಲ, ಅವನ ಮೈಯಲ್ಲಿ ಬೆಕ್ಕಿನ ರೋಗವಿದೆ ಎಂದಮೇಲೆ ಬೆಕ್ಕಿರುವ ಇನ್ನೊಂದು ಮನೆ ಇರಲೇಬೇಕು. ಬೆಕ್ಕಿರುವ ಮನೆಯೆಂದರೆ ಬೆಕ್ಕಿಗೆ ಹಾಲು ಹಾಕುವವಳೂ ಇರಬೇಕು. ಬೀದಿಯ ಕೊನೆಯಲ್ಲಿ ಟೈಲರಮ್ಮ ಇದ್ದಳು. ಗಂಡ ಸತ್ತವಳು, ಒಬ್ಬಳೇ. ಅವಳ ಹೊಲಿಗೆ ಮೆಷಿನ್ನಿನ ಮೇಲೆ ಕೆಂಚು ಬೆಕ್ಕು ಸದಾ ಮಲಗಿರುತ್ತಿತ್ತು. ಅದರ ಹಿಂದಿನ ವರ್ಷ ಅವಳ ಕಿಟಕಿ ರಿಪೇರಿಗೆ ಹೋದವನು ಯಾರು? ಇವಳ ಗಂಡನೇ. ಇನ್ನೇನು ಬೇಕು?

ಅಂದಿನಿಂದ ಇವಳ ರವಿಕೆಗಳನ್ನು ಹೊಲಿಯುವುದು ಊರಾಚೆಯ ಇನ್ನೊಬ್ಬನ ಪಾಲಾಯಿತು. ಗಂಡ ಸಂಜೆ ಬಂದೊಡನೆ ಪ್ಯಾಂಟು ಕೊಡವಿ, ಮರದ ಹೊಟ್ಟಿನ ನಡುವೆ ಬೆಕ್ಕಿನ ಕೂದಲು ಹುಡುಕುತ್ತಿದ್ದಳು. ಸಿಗುತ್ತಲೂ ಇತ್ತು. ಕೆಂಚಲ್ಲ, ಕಪ್ಪು. ಅದಕ್ಕೂ ಅವಳಲ್ಲಿ ಉತ್ತರವಿತ್ತು: ಆ ಚಾಲಾಕಿ ಎರಡು ಬೆಕ್ಕು ಸಾಕಿರಬೇಕು.

*

ಟೈಲರಮ್ಮ ಬಂದಳು. ಅವಳ ತಲೆಯೂ ಹಣ್ಣಾಗಿತ್ತು. ಹೆಣದ ಮುಂದೆ ಕೈಮುಗಿದು ನಿಂತಳು, ಒಂದು ಸಲ ಕಣ್ಣೊರೆಸಿಕೊಂಡಳು, ಹಿಂದೆ ಸರಿದಳು. ಅಷ್ಟೇ.

ಜೋರಾಗಿ ಅತ್ತಿದ್ದರೆ ಹೆಂಡತಿಗೆ ಒಂದು ಉರಿ, ಅಳದೆ ಹೋದದ್ದಕ್ಕೆ ಇನ್ನೊಂದು. ಎದ್ದು ಹಿಂದೆಯೇ ಜಗಲಿಗೆ ಹೋದಳು.

"ಅಮ್ಮ, ಇವತ್ತಾದ್ರೂ ಬಿಡು," ಎಂದು ಮಗಳು ಸೆರಗು ಹಿಡಿದಳು.

"ಇವತ್ತು ಬಿಟ್ರೆ ಇನ್ಯಾವತ್ತು ಕೇಳ್ಲಿ? ಏ, ನಿಲ್ಲು. ನಿನ್ನ ಮನೆಗೆ ಎಷ್ಟು ವರ್ಷ ಬರ್ತಿದ್ರು?"

ಟೈಲರಮ್ಮ ಕಣ್ಣು ಕಣ್ಣು ಬಿಟ್ಟಳು. "ಯಾರಕ್ಕಾ?"

"ನಿನ್ನ ಬೆಕ್ಕಿಂದಲೇ ಕಣೆ ಅವರ ಕತ್ತು ಕೊಯ್ಸಿದ್ದು!"

"ನನ್ನ ಬೆಕ್ಕಾ? ಅಯ್ಯೋ ಅಕ್ಕ, ಗಂಡಸರ ವಾಸನೆ ಬಂದ್ರೆ ಅದು ಬೀರುವಿನ ಮೇಲೆ ಹತ್ತಿ ಕೂರ್ತಿತ್ತು. ನಿಮ್ಮ ಯಜಮಾನರು ಬಂದದ್ದು ಒಂದೇ ದಿನ, ಕಿಟಕಿಗೆ. ಅವತ್ತೂ ಕೂಲಿ ಎಷ್ಟು ಅಂತ ಬೆರಳಲ್ಲಿ ತೋರಿಸಿದ್ರು." ಅವಳಿಗೆ ಈಗ ಒಂದೊಂದೇ ಹೊಳೆಯತೊಡಗಿತ್ತು. "ಅದಕ್ಕಾ ನನ್ನ ಕಂಡ್ರೆ ಮುಖ ತಿರುಗಿಸ್ತಿದ್ದದ್ದು? ನಾನು ರವಿಕೆ ತೋಳು ಬಿಗಿಯಾಯ್ತೇನೋ ಅಂದ್ಕೊಂಡಿದ್ದೆ!"

ಜಗಲಿಯ ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಪಾಲಿಷ್‌ನವನು ಬೀಡಿ ಹೊಸಕಿ ಎದ್ದು ಬಂದ. ಗಂಡನ ಜೊತೆ ಮರಗೆಲಸದ ಅಂಗಡಿಯಲ್ಲಿ ಮರಕ್ಕೆ ಮೆರುಗು ಹಾಕುತ್ತ ಜೀವಮಾನವೆಲ್ಲ ದುಡಿದವನು.

"ಅತ್ತಿಗೆ, ಬಯ್ಯಬೇಡಿ. ಬೆಕ್ಕು ನಮ್ಮ ಅಂಗಡೀಲಿತ್ತು."

"ಏನಂದೆ?"

"ಹಲಗೆ ಒಟ್ಟಿರ್ತೀವಲ್ಲ, ಅದರ ಹಿಂದೆ. ಕರಿ ಬೆಕ್ಕು. ಮೂಲೇಲಿ ಮರದ ಹೊಟ್ಟು ಗುಡ್ಡೆ ಹಾಕ್ತೀವಿ, ಅದಕ್ಕೆ ಅದೇ ಕಕ್ಕಸು. ಅಣ್ಣ ದಿನಾ ಬರಿಗೈಲೇ ಬಾಚಿ ಹಾಕೋನು, ಪ್ಯಾಂಟಿಗೆ ಕೈ ಒರೆಸ್ಕೊಂಡು ಊಟದ ಡಬ್ಬಿ ಬಿಚ್ಚೋನು. ಡಾಕ್ಟರು ಹೇಳಿದಮೇಲೆ ಓಡಿಸಿಬಿಡಣ್ಣ ಅಂದೆ. ಓಡಿಸ್ಲಿಲ್ಲ. ಕೈಗವಸು ತಂದ್ಕೊಂಡ. ನಿಮಗೆ ಹೇಳಬೇಡ ಅಂತ ನನ್ನ ಕೈಲಿ ಭಾಷೆ ತಗೊಂಡಿದ್ದ."

ಟೈಲರಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಅಳುವೋ ನಗುವೋ ತಿಳಿಯುವಂತಿರಲಿಲ್ಲ. ಹೆಂಡತಿಗೆ ಹಗುರಾಗಬೇಕಿತ್ತು. ಆಗಲಿಲ್ಲ. ಚಳಿಗೆ ಸ್ವೆಟರ್ ಹಾಕಿಕೊಳ್ಳಿ ಎಂದು ಅವಳು ಗೋಗರೆದರೂ ಕೇಳದವನು ಬೆಕ್ಕಿಗಾಗಿ ಕೈಗವಸು ತಂದುಕೊಂಡನೇ?

"ನನ್ನ ಡಬ್ಬಿಯ ಊಟ ಅದಕ್ಕೂ ಹಾಕ್ತಿದ್ರಾ?"

"ಅರ್ಧ ಅದಕ್ಕೇ. ಊಟ ಹೋಗ್ಲಿ ಅತ್ತಿಗೆ, ಮಾತು! ಬಾಯಿ ಬಿಟ್ರೆ ನಿಲ್ಲಿಸ್ತಿರ್ಲಿಲ್ಲ. ನಮ್ಮ ಹತ್ರ ಅಲ್ಲ, ಅದರ ಹತ್ರ. ನಾನು ಪಾಲಿಷ್ ಉಜ್ಜುತ್ತಾ ಕೇಳಿಸ್ಕೋತಿದ್ದೆ."

"ಏನಂತ?"

"ಎಲ್ಲಾನೂ. ಮಗಳಿಗೆ ಜ್ವರ ಅಂತ, ರಾತ್ರಿ ನಿದ್ದೆ ಬರ್ಲಿಲ್ಲ ಅಂತ. ಅವಳಿಗೆ ಮಂಡಿನೋವು ಕಣೆ, ಆದ್ರೂ ನಿಂತು ನಿನಗೂ ಸೇರಿಸಿ ಅಡುಗೆ ಮಾಡಿದ್ದಾಳೆ, ತಿನ್ನು ಅಂತ. ಕತ್ತು ಕೊಯ್ಸಿಕೊಂಡ ಕಾಲದಲ್ಲಿ, ನನಗೇನಾದ್ರೂ ಆದ್ರೆ ಅವಳು ಹೇಗಿರ್ತಾಳೋ ಅಂತ ಅದರ ಮುಂದೆ ಗಳಗಳ ಅತ್ತಿದ್ದ."

ಅದು ಹೆಂಗಸಾಗಿದ್ದರೆ ಅವಳು ಜುಟ್ಟು ಹಿಡಿದು ಕೇಳಬಹುದಿತ್ತು. ತನಗೆ ಬರಬೇಕಿದ್ದ ಮಾತನ್ನೆಲ್ಲ, ತನ್ನ ಮೇಲಿನ ಮಾತನ್ನೂ ಸೇರಿಸಿ, ಒಂದು ಮೂಕಪ್ರಾಣಿ ಕೇಳಿಸಿಕೊಂಡು ಹೋಗಿತ್ತು.

"ಸತ್ತಿರಬೇಕಲ್ಲ ಅದು ಈಗ?"

"ಅದು ಯಾವಾಗಲೋ ಸತ್ತುಹೋಯ್ತು. ಅದರ ಮರಿ, ಮರಿಯ ಮರಿ... ಈಗೊಂದಿದೆ, ಅದರ ಹತ್ರಾನೂ ಅಷ್ಟೇ ಮಾತು. ಮೊನ್ನೆಯಿಂದ ಅಣ್ಣನ ಮೇಜು ಬಿಟ್ಟು ಇಳಿದಿಲ್ಲ."

ಅಷ್ಟರಲ್ಲಿ ಹೆಣ ಒಯ್ಯುವ ವ್ಯಾನು ಬಂತು.

*

ಮಣ್ಣು ಮಾಡಿ ಬಂದ ಮೇಲೆ ಮಗಳು ಹಾಸಿಗೆ ಹಾಸಿ, ಮಲಗಮ್ಮ ಎಂದಳು. ತಾಯಿ ಮಲಗಲಿಲ್ಲ. ಅಡುಗೆಮನೆಗೆ ಹೋಗಿ ನೆರೆಯವರು ತಂದಿಟ್ಟಿದ್ದ ಅನ್ನಕ್ಕೆ ಹಾಲು ಕಲಸಿ ಡಬ್ಬಿಗೆ ತುಂಬಿಕೊಂಡಳು. ಪಾಲಿಷ್‌ನವನನ್ನು ಕರೆದುಕೊಂಡು ಹೊರಟಳು. ಯಾರು ತಡೆದರೂ ನಿಲ್ಲಲಿಲ್ಲ.

ಅಂಗಡಿಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಹಲಗೆಗಳ ವಾಸನೆ, ಮೆರುಗೆಣ್ಣೆಯ ವಾಸನೆ. ಗಂಡನ ಅಂಗಿಯದೇ ವಾಸನೆ. ಅರ್ಧ ಕೀಸಿದ ಚೌಕಟ್ಟಿನ ಪಕ್ಕದಲ್ಲಿ, ಉಳಿಗಳ ಸಾಲಿನ ನಡುವೆ ಕರಿ ಬೆಕ್ಕು ಮುದುಡಿ ಮಲಗಿತ್ತು. ಅವಳನ್ನು ಕಂಡು ತಲೆಯೆತ್ತಿತು, ಓಡಲಿಲ್ಲ.

"ನೀನು ಹೊರಗಿರಪ್ಪ," ಎಂದು ಪಾಲಿಷ್‌ನವನನ್ನು ಕಳಿಸಿ ಅವಳು ಬಾಗಿಲು ಮುಂದೆ ಮಾಡಿದಳು. ಸ್ಟೂಲಿನ ಮೇಲೆ ಕೂತಳು. ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು.

ಬೆಕ್ಕು ಮೂಸಿತು. ಒಂದಿಷ್ಟು ನೆಕ್ಕಿತು. ಆಮೇಲೆ ಅವಳನ್ನೇ ನೋಡುತ್ತ ಕೂತಿತು.

"ಹೂಂ," ಎಂದಳು ಅವಳು. "ಹೇಳು."

ಬೆಕ್ಕು ಆಕಳಿಸಿತು. ಅವಳು ಸ್ಟೂಲನ್ನು ಇನ್ನೊಂದು ಗೇಣು ಹತ್ತಿರಕ್ಕೆ ಎಳೆದುಕೊಂಡು, ಕಿವಿಯ ಮೇಲಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು.