ಮೂವತ್ತರ ಬೇರಿಂಗು

ಮಾನ್ವಿಯ ಅಕ್ಕಿ ಗಿರಣಿಯ ವಿರೂಪಣ್ಣನವರ ಆಸ್ಟಿನ್ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ರಾಯಚೂರಿಗೆ ಎಳೆದು ತಂದಾಗ ಮೋಟಾರು ರಿಪೇರಿಯ ಉರುಕುಂದಪ್ಪ ಮಿಸ್ತ್ರಿ ತನ್ನ ಷೆಡ್ಡಿನಿಂದ ಎದ್ದು ಹೊರಗೆ ಬರಲಿಲ್ಲ. ಆ ಕಾರು ಒಂದು ದಿನ ಬಂದೇ ಬರುತ್ತದೆಂದು ಅವನಿಗೆ ಎಂಟು ತಿಂಗಳಿಂದ ಗೊತ್ತಿತ್ತು. ಎಪ್ಪತ್ತೊಂಬತ್ತರ ಮಾರ್ಚ್ ತಿಂಗಳು, ಬಿಸಿಲು ಆಗಲೇ ತಗಡಿನ ಮೇಲೆ ಕೂತಿತ್ತು.

ಹೋದ ಆಷಾಢದಲ್ಲಿ ವಿರೂಪಣ್ಣನವರ ಒಬ್ಬನೇ ಮಗ ಶರಭಣ್ಣನಿಗೆ ಹೊಟ್ಟೆನೋವು ಎದ್ದಿತ್ತು. ರಾಯಚೂರಿನ ಆಸ್ಪತ್ರೆಗೆ ಒಯ್ಯುವಾಗ ನಡುದಾರಿಯಲ್ಲಿ ಈ ಕಾರಿನ ಎಂಜಿನ್ ಬಿಗಿದುಕೊಂಡಿತು. ಹ್ಯಾಂಡಲ್ ಹಾಕಿ ಇಬ್ಬರು ಜಗ್ಗಿದರೂ ತಿರುಗಲಿಲ್ಲ. ಹತ್ತಿ ಹೇರಿದ ಲಾರಿಯೊಂದು ಸಿಕ್ಕು, ಅದರಲ್ಲಿ ಅವನನ್ನು ಮಲಗಿಸಿ ತರುವಷ್ಟರಲ್ಲಿ ಹೊಟ್ಟೆಯೊಳಗೆ ಕರುಳು ಒಡೆದಿತ್ತು. ಮೂರನೆಯ ದಿನ ತೀರಿಕೊಂಡ. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು.

ಡ್ರೈವರ್ ಗಡಿಗೆಪ್ಪ ಎಣ್ಣೆ ನೋಡದೆ ಗಾಡಿ ಹೊಡೆದ ಎಂದು ಊರು ಮಾತಾಡಿತು. ವಿರೂಪಣ್ಣನವರೂ ಅದನ್ನೇ ನಂಬಿ ಅವನನ್ನು ಕೆಲಸದಿಂದ ಬಿಡಿಸಿದರು. ಈಗ ಅವನು ರಾಯಚೂರಿನ ಗಂಜಿನಲ್ಲಿ, ಕಾಳಿನ ಪೇಟೆಯಲ್ಲಿ, ಚೀಲ ಹೊರುತ್ತಿದ್ದ.

ಟ್ರ್ಯಾಕ್ಟರಿನ ಹಿಂದೆಯೇ ವಿರೂಪಣ್ಣನವರು ಬಸ್ಸಿನಲ್ಲಿ ಬಂದಿದ್ದರು. ಮೈ ಇಳಿದು ಅಂಗಿ ದೊಡ್ಡದಾಗಿ ಕಾಣುತ್ತಿತ್ತು.

"ಅಸಲಿ ಸಾಮಾನು ಹಾಕು, ಉರುಕುಂದಪ್ಪ. ಎಲ್ಲಿಂದರ ತಾ. ಅದು ಒಂದು ಸಲ ತಾನಾಗಿ ನನ್ನ ಅಂಗಳಕ್ಕ ಬಂದು ನಿಲ್ಲಲಿ. ಆಮ್ಯಾಲೆ ಯಾರಿಗರ ಮಾರಿಬಿಡ್ತೀನಿ."

"ಆಗ್ಲಿರಿ ಸಾವಕಾರ್ರ."

"ಇನ್ನೊಂದು. ಬಿಚ್ಚಿದ ಮ್ಯಾಲೆ ನನಗ ಹೇಳು, ಒಳಗ ಎಣ್ಣಿ ಇತ್ತೋ ಇಲ್ಲೋ ಅಂತ. ನನಗ ಗೊತ್ತದ. ಆದ್ರೂ ನಿನ್ನ ಬಾಯಿಂದ ಕೇಳ್ತೀನಿ."

ಅವರು ಹೋದ ಮೇಲೆ ಉರುಕುಂದಪ್ಪ ಕಾರಿನ ಅಡಿಗೆ ಸರಿದು ಎಣ್ಣೆಯ ತೊಟ್ಟಿ ಬಿಚ್ಚಿದ. ಕಪ್ಪು ಎಣ್ಣೆ ಕೆಳಗಿಟ್ಟ ಬೋಗುಣಿಯ ಅಂಚಿನವರೆಗೆ ಬಂತು. ಕಡಿಮೆಯೇನೂ ಇರಲಿಲ್ಲ. ಆಮೇಲೆ ನಡುವಿನ ಬೇರಿಂಗಿನ ಮುಚ್ಚಳ ಬಿಚ್ಚಿ ಬೆರಳು ಹಾಕಿದ. ಸುಟ್ಟ ಲೋಹದ ಜೊತೆಗೆ ಹಸಿರು ಬಣ್ಣದ ಒಂದು ತಗಡಿನ ಚೂರು ಈಚೆ ಬಂತು.

ಆ ತಗಡು ಅವನದೇ.

ಎಂಜಿನ್ನಿನ ಅಡಿಯಲ್ಲಿ ತಿರುಗುವ ದಪ್ಪ ಶಾಫ್ಟು ಬೇರಿಂಗುಗಳ ಮೇಲೆ ಕೂತಿರುತ್ತದೆ. ಅದು ಸವೆದಾಗ ಲೇತಿಗೆ ಕೊಟ್ಟು ತೇಯಿಸಬೇಕು, ತೇಯ್ದಷ್ಟೂ ದಪ್ಪದ ಬೇರಿಂಗು ಹಾಕಬೇಕು. ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ ಹತ್ತರದು, ಇಪ್ಪತ್ತರದು, ಮೂವತ್ತರದು, ಕೊನೆಗೆ ನಲವತ್ತರದು. ಅಲ್ಲಿಗೆ ಶಾಫ್ಟಿನ ಆಯುಷ್ಯ ಮುಗಿಯಿತು. ಶರಭಣ್ಣನ ಮದುವೆಗೆ ಗಾಡಿ ಬೇಕೆಂದು ತಂದಾಗ ಇದಕ್ಕೆ ಮೂವತ್ತರ ಬೇರಿಂಗು ಬೇಕಾಗಿತ್ತು. ಹೈದರಾಬಾದಿನ ಗುಜರಿ ಅಂಗಡಿಗಳಲ್ಲಿ ಇರಲಿಲ್ಲ. ಮದ್ರಾಸಿಗೆ ಕಾರ್ಡು ಬರೆದರೆ ಆ ಮಾಲು ಬರುವುದು ನಿಂತು ವರ್ಷಗಳಾದವು ಎಂದು ಉತ್ತರ ಬಂತು. ಉರುಕುಂದಪ್ಪ ಇಪ್ಪತ್ತರದನ್ನೇ ಕೂಡಿಸಿದ. ಅದರ ಬೆನ್ನಿಗೆ ಚಹಾ ಡಬ್ಬಿಯ ತಗಡು ಕತ್ತರಿಸಿ, ಕಲ್ಲಿಗೆ ತಿಕ್ಕಿ ತೆಳ್ಳಗೆ ಮಾಡಿ ಒತ್ತು ಕೊಟ್ಟ. ಎಣ್ಣೆ ಬರುವ ಜಾಗದಲ್ಲಿ ಮೊಳೆಯಿಂದ ತೂತು ಹೊಡೆದ. ಎಲ್ಲ ಮಿಸ್ತ್ರಿಗಳೂ ಮಾಡುವುದೇ. ಮದುವೆಯ ಮೆರವಣಿಗೆಯಲ್ಲಿ ಗಾಡಿ ಹೂವಿನ ಹಾಗೆ ಓಡಿತು.

ಈಗ ಆ ತಗಡು ಜಾರಿ, ತೂತು ಬೆರಳಗಲ ಆಚೆ ಸರಿದಿತ್ತು. ಎಣ್ಣೆ ತೊಟ್ಟಿಯಲ್ಲಿ ತುಂಬಿದ್ದರೂ ನಡುವಿನ ಬೇರಿಂಗಿಗೆ ಒಂದು ಹನಿಯೂ ಮುಟ್ಟಿರಲಿಲ್ಲ.

ಮರುದಿನ ಮಧ್ಯಾಹ್ನ ಗಡಿಗೆಪ್ಪ ಬಂದ. ಹೆಗಲ ಮೇಲೆ ಗೋಣಿ, ರೆಪ್ಪೆಯ ಮೇಲೆ ತೌಡಿನ ಧೂಳು. ಹೊಸ್ತಿಲ ಹೊರಗೇ ಕುಕ್ಕರುಗಾಲಿನಲ್ಲಿ ಕೂತ.

"ಬಿಚ್ಚಿದ್ರೇನ್ರಿ ಮಿಸ್ತ್ರಿ?"

"ಬಿಚ್ಚಾಕತ್ತೀನಿ."

"ಎಣ್ಣಿ ಇತ್ತೇನ್ರಿ?"

ಉರುಕುಂದಪ್ಪ ಪಿಸ್ಟನ್ನನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ. "ಯಾಕಲೇ, ನೀ ನೋಡಿದ್ದಿಲ್ಲೇನು?"

"ನೋಡೀನಿ ಅಂತಾನೇ ಹೇಳ್ತಿದ್ದೆ. ಈಗ ಎಲ್ಲಾರೂ ಅಂದು ಅಂದು ನನಗೇ ತಿಳೀವಲ್ದಾಗ್ಯಾದ. ಎಣ್ಣಿ ನೋಡೋ ಕಡ್ಡಿ ತಗದು ಒರಸಿದ್ದು ಕಣ್ಣಿಗೆ ಕಟ್ಟಿದಂಗ ಅದ. ಅದು ಆವತ್ತಿಂದೋ ಹಿಂದಿನ ದಿನದ್ದೋ?" ಅವನು ನಕ್ಕ. "ನನ್ನ ಹೇಂತಿ ಅಂತಾಳ, ಉಪ್ಪು ತಾ ಅಂದ್ರ ಬೆಲ್ಲ ತರಾವ ನೀನು, ಎಣ್ಣಿ ನೆನಪಿಟ್ಟಿರ್ತಿಯೇನು ಅಂತ. ಆಕಿ ಮಾತೂ ಖರೇನೇ."

ಉರುಕುಂದಪ್ಪ ಪಿಸ್ಟನ್ನನ್ನು ತಿರುಗಿಸಿ ಮತ್ತೆ ಸೀಮೆಎಣ್ಣೆಗೆ ಅದ್ದಿದ.

"ಈ ಸಲ ಬೇರಿಂಗ್ ಎಲ್ಲಿಂದ ತರ್ತೀರಿ? ಆವಾಗ ಮದುವಿ ಮುಂದೇ ಹೇಳಿದ್ನಲ್ಲ, ದೇವದುರ್ಗದಾಗ ನಿಮ್ಮ ಉಸ್ತಾದರ ಮನ್ಯಾಗ ಪೆಟಗಿ ತುಂಬ ಆಸ್ಟಿನ್ ಸಾಮಾನು ಅದ ಅಂತ. ನಾ ಹೋಗಿ ಇಸಗೊಂಡು ಬರ್ಲೇನ್ರಿ ಅಂದ್ರ ಕೈಯಾಗಿನ ಪಾನಾ ಎತ್ತಿ ಹೊಡ್ಯಾಕ ಬಂದ್ರಿ."

"ನಾನೇ ಹೋಗ್ತೀನಿ."

"ಹಂಗಾರ ಎಣ್ಣಿ..."

"ಇನ್ನಾ ಪೂರಾ ನೋಡಿಲ್ಲ, ಹೋಗಲೇ ನೀನು."

ಗಡಿಗೆಪ್ಪ ಎದ್ದು ಗೋಣಿ ಕೊಡವಿಕೊಂಡು ಹೋದ. ಅವನು ಗಂಜಿನ ದಾರಿ ಹಿಡಿಯುವವರೆಗೂ ಉರುಕುಂದಪ್ಪ ತೊಳೆದ ಪಿಸ್ಟನ್ನನ್ನೇ ತೊಳೆಯುತ್ತ ಇದ್ದ. ಒಂದು ಮಾತು ಆಡಿದ್ದರೆ ಸಾಕಾಗಿತ್ತು.

ಉಸ್ತಾದರ ಕೈಕೆಳಗೆ ಅವನು ಹನ್ನೊಂದು ವರ್ಷ ಕಲಿತಿದ್ದ. ಕಲಿತಾದ ಮೇಲೆ ಅವರ ಷೆಡ್ಡಿನ ಎದುರಿಗೇ ತನ್ನ ಷೆಡ್ಡು ಹಾಕಿದ. ಅವರ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿ ಬಂದರು. ಉಸ್ತಾದರು ಏನೂ ಅನ್ನದೆ ಬಾಗಿಲು ಹಾಕಿ ಹೆಂಡತಿಯ ಊರು ದೇವದುರ್ಗಕ್ಕೆ ಹೋದರು. ಎಪ್ಪತ್ತಾರರಲ್ಲಿ ಅವರು ಸತ್ತ ಸುದ್ದಿ ಬಂದಾಗ ಅವನು ಒಂದು ಲಾರಿಯ ಗಾಲಿ ಬಿಗಿಯುತ್ತಿದ್ದ. ಬಿಗಿದು ಮುಗಿಸಿದ. ಮಣ್ಣಿಗೆ ಹೋಗಲಿಲ್ಲ. ಆಮೇಲೆ ಯಾವ ಮುಖ ಹೊತ್ತು ಹೋಗುವುದೆಂದು ಆ ಊರಿನ ಬಸ್ಸನ್ನೇ ಹತ್ತಿರಲಿಲ್ಲ.

ಈಗ ಹತ್ತಿದ.

ಉಸ್ತಾದರ ಹೆಂಡತಿ ಖುರ್ಷೀದ್ ಬೇಗಂ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದರು. ಕಣ್ಣು ಮಂಜಾಗಿತ್ತು. ಅವನು ಮಾತಾಡುವವರೆಗೂ ಗುರುತು ಸಿಗಲಿಲ್ಲ.

"ಉರುಕುಂದ ಏನು? ಬಾ ಬೇಟಾ. ಕೂಡು. ದನಿ ಒಡದದ ನಿಂದು, ಬೀಡಿ ಭಾಳ ಸೇದ್ತಿಯೇನು?"

"ಆಸ್ಟಿನ್ ಬೇರಿಂಗು ಬೇಕಾಗಿತ್ತರಿ ಅಮ್ಮಾ."

ಯಾಕೆ ಇಷ್ಟು ದಿನ ಬರಲಿಲ್ಲ ಎಂದು ಅವರು ಕೇಳಲಿಲ್ಲ. ಸೆರಗಿನಿಂದ ಕೀಲಿಕೈ ಬಿಚ್ಚಿ ಕೊಟ್ಟರು. ಒಳಗೆ ಮಂಚದ ಕೆಳಗೆ ಪೆಟ್ಟಿಗೆ. ಗ್ರೀಸು ಹಚ್ಚಿದ ಕಾಗದದಲ್ಲಿ ಸುತ್ತಿ, ಸುತಳಿ ಕಟ್ಟಿ, ಪೆನ್ಸಿಲಿನಲ್ಲಿ ಉಸ್ತಾದರು ಅಂಕಿ ಬರೆದಿಟ್ಟ ಪೊಟ್ಟಣಗಳು. ಮೂವತ್ತು. ನಲವತ್ತು. ಒಂದರ ಪಕ್ಕ ಒಂದು. ಬಿಗಿದು ಗೀರಿದ ಶಾಫ್ಟನ್ನು ಮತ್ತೆ ತೇಯಿಸಬೇಕಾಗಿದ್ದುದರಿಂದ ಈಗ ಬೇಕಾದದ್ದು ನಲವತ್ತರದು. ಅದನ್ನು ತೆಗೆದುಕೊಂಡ.

"ಹೈದರಾಬಾದಿನವರು ಎರಡು ಸಲ ಬಂದು ಕೇಳಿದ್ರು. ನಾ ಕೊಡ್ಲಿಲ್ಲ," ಬೇಗಂ ಬಾಗಿಲಲ್ಲಿ ನಿಂತು ಹೇಳಿದರು. "ತೀರಿಹೋಗೋ ಮುಂದ ನಮ್ಮವರೇ ಹೇಳಿದ್ರು. ಯಾರಿಗೂ ಕೊಡಬ್ಯಾಡ, ಆ ನಮೂನಿ ಗಾಡಿ ಉರುಕುಂದನ ಕಡಿ ಒಂದು ಉಳದದ, ಅವ ಬಂದೇ ಬರ್ತಾನ ಅಂತ. ಅದನ್ನ್ಯಾಕ ಬಿಟ್ಟಿ? ಆ ಇನ್ನೊಂದೂ ಒಯ್ಯಿ."

"ಅದರ ಕೆಲಸ ಇಲ್ರಿ ಅಮ್ಮಾ ಈಗ."

ಮೂವತ್ತರ ಪೊಟ್ಟಣದ ಸುತಳಿ ಯಾರೂ ಬಿಚ್ಚಿರಲಿಲ್ಲ. ಅವನು ಪೆಟ್ಟಿಗೆ ಮುಚ್ಚಿ ಬೀಗ ಹಾಕಿದ.

ಶಾಫ್ಟು ಹೈದರಾಬಾದಿಗೆ ಹೋಗಿ ತೇಯ್ದು ಬರಲು ಹನ್ನೆರಡು ದಿನ ಹಿಡಿಯಿತು. ಬಳ್ಳಾರಿಯಿಂದ ಗ್ಯಾಸ್ಕೆಟ್ಟು ತರಿಸಿದ. ಪ್ರತಿ ಮುಚ್ಚಳವನ್ನೂ ಅದರದೇ ಜಾಗಕ್ಕೆ, ಅದರದೇ ದಿಕ್ಕಿಗೆ ಕೂಡಿಸಿದ. ಯಾವ ಎಂಜಿನ್ನನ್ನೂ ಅವನು ಅಷ್ಟು ನಿಧಾನವಾಗಿ ಕಟ್ಟಿರಲಿಲ್ಲ. ಕಟ್ಟಿ ಮುಗಿಸಿದ ದಿನ ಹ್ಯಾಂಡಲ್ ಎರಡು ಸುತ್ತು ತಿರುಗಿಸಿದ್ದೇ ತಡ, ಹತ್ತಿಕೊಂಡಿತು. ಅಕ್ಕಪಕ್ಕದ ಮಿಸ್ತ್ರಿಗಳು ಬಂದು ಕಿವಿಗೊಟ್ಟು ಬೆನ್ನು ತಟ್ಟಿದರು.

ಹೊಸದಾಗಿ ಕಟ್ಟಿದ ಎಂಜಿನ್ನನ್ನು ಜೋರು ಹೊಡೆಯಬಾರದು. ಗಾಡಿ ಎತ್ತಿನ ಬಂಡಿಗಳ ಹಿಂದೆ ಹಿಂದೆಯೇ ಮಾನ್ವಿಗೆ ಹೋಯಿತು. ದಾರಿಯಲ್ಲಿ ಅದು ಹಿಂದೆ ನಿಂತುಹೋಗಿದ್ದ ಜಾಗ ಯಾವುದೆಂದು ಉರುಕುಂದಪ್ಪನಿಗೆ ಗೊತ್ತಿರಲಿಲ್ಲ. ಹೀಗಾಗಿ ದಾರಿಯುದ್ದಕ್ಕೂ ಅದೇ ಜಾಗವೆನಿಸಿತು.

ಗಿರಣಿಯ ಹಿಂದಿನ ಮನೆ. ಅಂಗಳದಲ್ಲಿ ಗಾಡಿ ನಿಂತರೂ ಎಂಜಿನ್ ಬಂದ್ ಮಾಡಲಿಲ್ಲ. ವಿರೂಪಣ್ಣನವರು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಅವರ ಸೊಸೆ ಬಸವಂತಮ್ಮ ಪಡಸಾಲೆಯ ಕಂಬಕ್ಕೆ ಆತು ನಿಂತಿದ್ದಳು. ಧಾರವಾಡದಲ್ಲಿ ಓದಿದ ಹುಡುಗಿ, ಈ ಗಾಡಿಯಲ್ಲೇ ಈ ಮನೆಗೆ ಬಂದಿದ್ದವಳು.

"ಎಣ್ಣಿ ಇರಲಿಲ್ಲ, ಹೌದಲ್ಲೋ?" ಎಂದರು ವಿರೂಪಣ್ಣ.

"ಇತ್ರಿ ಸಾವಕಾರ್ರ. ತುಂಬ ಇತ್ತು. ಗಡಿಗೆಪ್ಪಂದು ಏನೂ ತಪ್ಪಿಲ್ಲ." ಉರುಕುಂದಪ್ಪ ತಗಡಿನ ಸಂಗತಿ ಹೇಳಿದ.

ವಿರೂಪಣ್ಣನವರು ಕಟ್ಟೆಯ ಮೇಲೆ ಕೂತರು. ತಮಗೆ ತಾವೇ ಹೇಳಿಕೊಳ್ಳುವವರಂತೆ ಅಂದರು: "ಸಾಮಾನು ಸಿಗಲಿಲ್ಲ, ತಗಡು ಕೊಟ್ಟಿ. ಮದುವಿ ಗಡಿಬಿಡಿ ಬ್ಯಾರೆ, ನಾನೇ ಅವಸರ ಮಾಡಿದ್ದೆ. ಅವನ ಹಣ್ಯಾಗ ಅಷ್ಟೇ ಬರದಿತ್ತು. ನೀ ಏನ್ ಮಾಡ್ತಿ? ಗಡಿಗೆಪ್ಪನ್ನ ಕರಸ್ತೀನಿ. ಇಷ್ಟಕ್ಕ ಬಿಡು."

ಉರುಕುಂದಪ್ಪನ ಹೆಗಲು ಸಡಿಲವಾಯಿತು. ಕೈಮುಗಿದು ಹೊರಟುಬಿಡಬಹುದಿತ್ತು.

"ಈಗ ಹಾಕಿದ ಬೇರಿಂಗು ಎಲ್ಲಿ ಸಿಕ್ತುರಿ?" ಕಂಬದ ಕಡೆಯಿಂದ ಬಸವಂತಮ್ಮ ಕೇಳಿದಳು.

"ದೇವದುರ್ಗದಾಗ್ರಿ ಯವ್ವಾ."

"ಆವಾಗ ಅಲ್ಲಿ ಇರಲಿಲ್ಲೇನ್ರಿ?"

"ಒಳಗ ಹೋಗವ್ವಾ ನೀನು," ಎಂದರು ಮಾವ. ಅವಳು ಹೋಗಲಿಲ್ಲ. ಉರುಕುಂದಪ್ಪ ‘ಇರಲಿಲ್ಲ’ ಎಂದರೆ ಮುಗಿಯಿತು. ಅದನ್ನು ಸುಳ್ಳೆನ್ನಲು ಇಲ್ಲಿ ಯಾರೂ ಇರಲಿಲ್ಲ.

"ಇತ್ರಿ. ಮೂವತ್ತರದೂ ಇತ್ತು. ನನಗ ಗೊತ್ತಿತ್ತು, ಗಡಿಗೆಪ್ಪ ಹೇಳಿದ್ದ, ನಾ ತರ್ತೀನಿ ಅಂತನೂ ಅಂದಿದ್ದ. ಆ ಮನಿಗೆ ಹೋಗಾಕ ನನಗ ಮುಖ ಇರಲಿಲ್ಲ. ಅದಕ್ಕ ಹೋಗಲಿಲ್ಲ, ಕಳಸಲೂ ಇಲ್ಲ."

"ಎಷ್ಟು ದೂರರಿ ಅದು?"

"ರಾಯಚೂರಿಂದ ಬಸ್ಸಿಗೆ ಎರಡು ತಾಸು."

"ಎರಡು ತಾಸು," ಎಂದಳು ಬಸವಂತಮ್ಮ. ಕೇಳಿದ್ದನ್ನು ಬರೆದುಕೊಂಡವಳಂತೆ ತಲೆಯಾಡಿಸಿ ಒಳಗೆ ಹೋದಳು.

ವಿರೂಪಣ್ಣನವರು ಅವನ ಕಡೆ ನೋಡಲಿಲ್ಲ. "ಅದನ್ನ ಬಂದ್ ಮಾಡು," ಎಂದರು.

ಉರುಕುಂದಪ್ಪ ಬಂದ್ ಮಾಡಿದ. ಕೀಲಿಯನ್ನು ಕಟ್ಟೆಯ ಮೇಲೆ, ಅವರ ಕೈಗೆ ಸಿಗುವ ಹಾಗೆ ಇಟ್ಟ. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಹೋಗು ಎಂದೂ ಅನ್ನಲಿಲ್ಲ.