ಎರಡನೇ ಬಾಗಿಲ ಹೊರಗ

ಕೂಲರಿನ ಮೂಲ್ಯಾಗಿಂದ ನೀರು ಒಸರಿ ಶಹಾಬಾದ ಕಲ್ಲಿನ ಮ್ಯಾಲೆ ಒಂದು ಗೆರಿ ಹರದು ಬರಲಿಕತ್ತದ, ಬಂತು, ನನ್ನ ಹೆಬ್ಬೆರಳಿಗೆ ಮುಟ್ಟಿತು, ತಂಪು, ಎದ್ದು ಒರಸಬೇಕು, ಏಳೂದಿಲ್ಲ, ಹರೀಲಿ — ಎದುರಿಗೆ ಕಂಪ್ಯೂಟರಿನ ಪರದೆ ಮ್ಯಾಲೆ 'ಹೊಸಬರಿಗೆ ಸ್ವಾಗತ' ಅಂತ ಎರಡು ಶಬ್ದ ಕೂತಾವ, ಅವುಗಳ ಮುಂದ ಒಂದು ಸಣ್ಣ ಗೀಟು ಮಿಣುಕ್ ಮಿಣುಕ್ ಅನ್ಕೋತ ನಿಂತದ, ಮುಂದೇನು ಅನಸೂಯಾಬಾಯಿ, ಮುಂದೇನು, ಅಂತ ಕೇಳಿದಂಗ. ಸಂಜೀ ಐದರೊಳಗ ಬರದು ಹಾಕ್ರಿ ಬಾಯಿ ಅಂತ ಮೆಹರುನ್ನಿಸಾ ಫೋನಿನಾಗ ಹೇಳ್ಯಾಳ, ನಮ್ಮ ಕಥಿ ಬರಿಯೋ ಗುಂಪಿಗೆ ಹೊಸದಾಗಿ ಬರೋರಿಗೆ ಧೈರ್ಯ ಆಗೂಹಂಗ ಒಂದು ಪತ್ರ, ನಿಮ್ಮ ಕೈಯಿಂದಽ ಬರಬೇಕು, ಒಬ್ಬ ಸದಸ್ಯೆ ಸಲುವಾಗಿ ಬಿಸಲಾಗ ಕಮಲಾಪುರದ ತನಕ ಹೋಗಿ ಬಂದವರು ನೀವು. ಹೋಗಿ ಬಂದವಳು ನಾ, ಹೌದು. ಧೈರ್ಯ ಯಾಕ ಬೇಕ್ರಿ ಇವರಿಗೆ, ಇಪ್ಪತ್ತಾರು ವರ್ಷ ಕಾಲೇಜಿನ ಆಫೀಸಿನಾಗ ಕಿಡಕಿ ಕಡೆ ಬೆನ್ನು ಮಾಡಿ ಕೂತೀನಿ, ನನಗ್ಯಾರು ಧೈರ್ಯದ ಪತ್ರ ಬರದಿದ್ರು, ಬಂದ ದಿನಾನಽ ಹೆಡ್‌ಕ್ಲಾರ್ಕ್ ನನ್ನ ಅಕ್ಷರ ನೋಡಿ ಇದೇನು ಇರಿವಿ ಸಾಲು ಅಂದಿದ್ದ, ನಾ ಅತ್ತಿಲ್ಲ, ಓಡಿ ಹೋಗಿಲ್ಲ, ಅಕ್ಷರ ತಿದ್ದಿಕೊಂಡೆ.

ಆಫೀಸಿನಾಗ ತಿದ್ದಿಕೊಂಡೆ, ಆದ್ರ ಏಳಬಾಗಿಲದಾಗ ನನಗ ತಿದ್ದೋರು ಯಾರೂ ಇರಲಿಲ್ಲ. ಏಳಬಾಗಿಲ, ನಾವಽ ಬರದು ಕಟ್ಟಿದ, ಎಲ್ಲೂ ಇಲ್ಲದ ಊರು, ಮೂರು ವರ್ಷದ ಹಿಂದ ನಾವಿಬ್ಬರೂ ಕೋಟೆ ಒಳಗ ಜಾಮಾ ಮಸೀದಿ ನೆರಳಿಗೆ ಕೂತು ಡಬ್ಬಿ ಬಿಚ್ಚಿದಾಗ ಹುಟ್ಟಿದ್ದು, ಮೆಹರುನ್ನಿಸಾ ಇತಿಹಾಸ ಕಲಸಾಕಿ, ವಿದ್ಯಾರ್ಥಿಗಳನ್ನ ಕೋಟೆ ತೋರಿಸ್ಲಿಕ್ಕೆ ತಂದಿದ್ಲು, ಹಾಜರಿ ಹಿಡೀಲಿಕ್ಕೆ ನನ್ನೂ ಜೋಡಿ ಕರದಿದ್ಲು, ನನ್ನ ಚಟ್ನಿಪುಡಿ ಆಕಿಗೆ ಹಾಕಿದೆ, ಆಕಿ ಕಲ್ಲಿಗೆ ಒರಗಿ ಅಂದ್ಲು, ಬಾದಶಹಾಗಳ ಹೆಸರು ಎಲ್ಲಾ ಅವ, ಈ ಅಂಗಳ ಗುಡಿಸಿದಾಕಿ ಹೆಸರು ಇಲ್ಲ, ನಾವು ಒಂದು ಕೋಟೆ ಮಾಡೋಣು ಬಾಯಿ, ಇಂಟರ್ನೆಟ್ಟಿನ ಯಾಹೂದಾಗ ಒಂದು ಗುಂಪು ತೆಗಿಯೋಣು, ಒಬ್ಬೊಬ್ಬರು ಊರಿನ ಒಬ್ಬೊಬ್ಬರಾಗಿ ಬರೀಬೇಕು, ಒಬ್ಬರು ಬರದದ್ದಕ್ಕ ಇನ್ನೊಬ್ಬರು ತಮ್ಮ ಪಾತ್ರದ ಬಾಯಿಲೆ ಉತ್ತರ ಕೊಟ್ರ ಕಥಿ ಮುಂದ ನಡೀತದ. ಹನ್ನೊಂದು ಮಂದಿ ಆದಿವಿ, ಪುಣೆ, ಸೊಲ್ಲಾಪುರ, ಬೀದರ, ಹೈದರಾಬಾದ, ನಾವಿಬ್ಬರನ್ನ ಬಿಟ್ರ ಯಾರ ಮುಖಾನೂ ಯಾರೂ ನೋಡಿಲ್ಲ. ನಾ ಬಡೀಬಾಯಿ ಆದೆ, ಕಿಲ್ಲೇದಾರನ ವಿಧವಾ, ಗಂಡ ಸತ್ತ ಮ್ಯಾಲೆ ಏಳೂ ಬಾಗಿಲದ ಕೀಲಿಕೈ ತನ್ನ ಸೊಂಟಕ್ಕ ಕಟ್ಟಿಕೊಂಡಾಕಿ, ಆಕಿ ನಡದ್ರ ಸಪ್ಪಳಕ್ಕ ಕಾವಲಿನವರು ಎದ್ದು ನಿಲ್ತಿದ್ರು. ಹಗಲೆಲ್ಲಾ ಅನಸೂಯಾಬಾಯಿ ಆ ಅರ್ಜಿ ಎಲ್ಲಿ, ಅನಸೂಯಾಬಾಯಿ ಸೀಲ್ ಎಲ್ಲಿ, ಮನೀಗೆ ಬಂದು ಇದರ ಮುಂದ ಕೂತ್ರ ಬಡೀಬಾಯಿ. ಮತ್ತ ಮುಂಜಾನೆ ಎದ್ದ ಕೂಡಲೆ ಸೊಲ್ಲಾಪುರದ ಗೋಪಾಲರ ಉತ್ತರ, ಅವರು ದರಬಾರಿನ ಬರಹಗಾರ, 'ಬಾಯಿಸಾಹೇಬರ ಅಪ್ಪಣೆಯಂತೆ' ಅಂತ ಸುರು ಮಾಡೋರು, ಎರಡು ವರ್ಷ ಒಂದು ದಿನಾನೂ ತಪ್ಪಿಸಿಲ್ಲ, ಅದನ್ನ ಓದಿದ ಮ್ಯಾಲೆನಽ ನಾ ಚಹಾ ಕುಡೀತಿದ್ದೆ. ಹಿಂಗ ಸುಖಾ ಇತ್ತು. ಇದರಾಗ ಹೊಸಬರು ಯಾತಕ್ಕ?

ಬೇಕಂತ. ಮೆಹರುನ್ನಿಸಾಗ ಬೇಕು. ನಲವತ್ತು ಮಂದಿ ಬಂದ್ರು ಬಾಯಿ, ಮೂರು ಮಂದಿ ಉಳದಾರ, ಅಂತ ಸ್ಟಾಫ್‌ರೂಮಿನಾಗ ನನ್ನ ಮುಂದ ಕೂತು ಬೆರಳು ಮಡಚಿ ಹೇಳಿದ್ಲು — ಮೊದಲನೇ ಸಲ ಬರದವರು ಹತ್ತು ಸಲ ತೆರದು ನೋಡ್ತಾರ, ಯಾರರ ಉತ್ತರ ಕೊಟ್ಟಾರೇನು ಅಂತ, ಯಾರೂ ಕೊಡಲಿಲ್ಲಂದ್ರ ಸುಮ್ಮ ಹೋಗಿಬಿಡ್ತಾರ, ನೀವು ಜರಾ ಅವರ ಪಾತ್ರಕ್ಕ ಊರಾಗ ಒಂದು ಕೆಲಸಾ ಕೊಡ್ರಿ, ಒಂದು ಪ್ರಶ್ನಿ ಕೇಳ್ರಿ, ತಪ್ಪು ಆಮ್ಯಾಲೆ ತಿದ್ದಿದ್ರಾತು. ಈ ಕೆಲಸಾ ನನಗಽ ಯಾಕ ಅಂದ್ರ ನಾ ದಿನಾ ತಪ್ಪದಽ ಬರತೀನಂತ. ಆಗ್ಲಿ ಅಂದೆ, ಅನ್ನದಽ ಏನ್ಮಾಡ್ಲಿ. ಒಬ್ಬ ಬಂದ, ತಾನು ರಾಜಕುಮಾರ ಅಂದ, ಸ್ವಾಗತ ಅಂತ ಒಂದು ಶಬ್ದ ಹಾಕಿ ಬಿಟ್ಟೆ, ಹೋದ. ಒಬ್ಬಾಕಿ ಬಂದ್ಲು, ಹೋದ್ಲು. ಬಾಗಿಲದಾಗ ನಿಂತು ನಮಸ್ಕಾರ ಅಂದ್ರಾತು, ಕೈ ಹಿಡದು ಒಳಗ ಎಳೀಬೇಕಂತ ಎಲ್ಲೆ ಅದ? ಇದಾದ ಮ್ಯಾಲೆ ಜನವರಿಯೊಳಗ ಆಕಿ ಬಂದ್ಲು, ಹೆಸರಿನ ಜಾಗಾದಾಗ 'ಕೆಂಪಬಾಳಿ, ಕಮಲಾಪುರ' ಅಂತ ಹಾಕಿಕೊಂಡಾಕಿ, ಮೊದಲನೇ ದಿನಾನಽ ಬರದ್ಲು: ನಾ ಹಣ್ಣ ಮಾರಾಕಿ, ಎರಡನೇ ಬಾಗಿಲ್ದಾಗ ಬುಟ್ಟಿ ಇಟಗೊಂಡು ಕುಂತೀನಿ, ಒಳಗ ಹೋಗಾಕತ್ತೋರು ಒಂದ್ಸಲ ಈ ಕಡಿ ನೋಡ್ರಿ, ನಮ್ಮ ಹಣ್ಣಿಂದು ಸಿಪ್ಪಿ ಕೆಂಪದ, ಬಾದಶಹಾ ತಿಂದ್ರೂ ಅದಽ ರುಚಿ, ನಾ ತಿಂದ್ರೂ ಅದಽ ರುಚಿ. ಕುಂತೀನಿ! ಹೋಗಾಕತ್ತೋರು! ನಾವು ಮೂರು ವರ್ಷ ಒಂದೊಂದು ಶಬ್ದ ಆರಿಸಿ ಕಟ್ಟಿದ ಊರಾಗ ಬಸ್‌ಸ್ಟ್ಯಾಂಡಿನ ಮಾತು. 'ಸ್ವಾಗತ, ದಯವಿಟ್ಟು ಶುದ್ಧ ಭಾಷೆಯಲ್ಲಿ ಬರೆಯಿರಿ' ಅಂತ ಕಳಿಸಿದೆ, ಕೆಳಗ ನನ್ನ ಪೂರಾ ಹೆಸರು, ಅನಸೂಯಾಬಾಯಿ, ಗುಂಪಿನ ಪರವಾಗಿ. ಎಲ್ಲರ ಮುಂದ ಉತ್ತರ ಕೊಟ್ಲು — ಆಗ್ಲಿರಿ ಬಾಯಾರ, ಆದ್ರ ಹಣ್ಣ ಮಾರಾಕಿ ಶುದ್ಧ ಮಾತಾಡಿದ್ರ ಯಾರ್ ಕೊಳ್ತಾರ್ರಿ. ನಕ್ರು, ಪುಣೆದಾಕಿ ನಕ್ಲು, ಬೀದರದವ ನಕ್ಕ, ಮತ್ತ ಗೋಪಾಲರು, ದರಬಾರಿನ ಬರಹಗಾರರು, ಎರಡು ವರ್ಷದಾಗ ದರಬಾರು ಬಿಟ್ಟು ಹೊರಗ ಕಾಲಿಡದವರು, ಎರಡನೇ ಬಾಗಿಲಕ್ಕ ಹಣ್ಣು ಕೊಳ್ಳಲಿಕ್ಕೆ ಬಂದ್ರು. ದಿನಾ ಬಂದ್ರು. ನಾ ಉಗ್ರಾಣದ ಬಗ್ಗೆ ಅವರಿಗೆ ಬರದ ಪತ್ರ ಒಂಬತ್ತು ದಿನ ಹಂಗಽ ಬಿದ್ದಿತ್ತು. ಎಷ್ಟು ಸಲ ತೆರದು ನೋಡಿದೆ, ಅದು ಯಾರಿಗೂ ಹೇಳೂದಿಲ್ಲ.

ಹತ್ತನೇ ದಿನ ಮೆಹರುನ್ನಿಸಾ ಯಾವುದೋ ತರಬೇತಿ ಅಂತ ಮೂರು ವಾರ ಹೈದರಾಬಾದಕ್ಕ ಹೋದ್ಲು, ಅವತ್ತಽ ಬಡೀಬಾಯಿ ಅಪ್ಪಣೆ ಹೊರಡಿಸಿದ್ಲು — 'ಇಂದಿನಿಂದ ಎರಡನೆಯ ಬಾಗಿಲನ್ನು ಕಲ್ಲು ಕಟ್ಟಿ ಮುಚ್ಚತಕ್ಕದ್ದು. ಬುಟ್ಟಿ ಹೊತ್ತವರು ಹೊರಗೇ ಇರತಕ್ಕದ್ದು. ಹೊರಗಿನವರ ಮಾತು ಒಳಗೆ ಕೇಳಿಸದು. ಒಳಗಿನ ಯಾರೂ ಅದಕ್ಕೆ ಉತ್ತರ ಕೊಡತಕ್ಕದ್ದಲ್ಲ.' ಯಾರ ಪಾತ್ರದ ಕೈಯಾಗ ಏನದನೋ ಅದರ ಮ್ಯಾಲೆ ಅವರದಽ ಮಾತು, ಇದು ಗುಂಪಿನ ನೇಮ, ಕೀಲಿಕೈ ನನ್ನ ಕೈಯಾಗ, ಯಾರು ಏನು ಅಂದಾರು. ಉಳದವರೆಲ್ಲಾ ಅಪ್ಪಣೆ ನಡಸಿದ್ರು. ಆಕಿ ಹೋಗ್ತಾಳ ಅಂದ್ಕೊಂಡೆ, ಹೋಗಲಿಲ್ಲ, ಮರುದಿನ ಬರದ್ಲು, ಬಾಗಿಲ ಮುಚ್ಯಾರ, ಇರ್ಲಿ, ಕಲ್ಲಿಗಿ ಬೆನ್ನ ಹಚ್ಚಿ ಕುಂತೀನಿ, ತಂಪದ. ಎರಡನೇ ದಿನ, ಹಣ್ಣ ಮಾಗಾಕತ್ಯಾವ, ವಾಸನಿ ಒಳಗ ಬರ್ತದೋ ಇಲ್ಲೋ. ಮೂರನೇ ದಿನ, ಒಳಗ ಯಾರೋ ನಕ್ಕಿದ್ದು ಕೇಳಸ್ತು, ಯಾಕಂತ ಗೊತ್ತಾಗಲಿಲ್ಲ, ನಾನೂ ನಕ್ಕೆ. ನಾಕನೇ ದಿನ, ಹಣ್ಣ ಕಪ್ಪಾದವು, ಆಡಿಗಿ ಹಾಕಿದೆ, ಆಡು ಶುದ್ಧ ಭಾಷಾ ಕೇಳಲಿಲ್ಲ. ಇದನ್ನ ಓದಿ ನನಗ ನಗು ಬಂತು, ಖರೆ ಹೇಳ್ತೀನಿ, ಬಂದ ನಗುವಿಗೇ ಸಿಟ್ಟು ಬಂತು. ಐದನೇ ದಿನ ಒಂದಽ ಸಾಲು, ಯಾರರ ಅದೀರೇನ್ರಿ. ಅಷ್ಟಽ. ಆಮ್ಯಾಲೆ ಏನೂ ಇಲ್ಲ, ಅವತ್ತಿನ ಮರುದಿನ ಮುಂಜಾನೆ ಗೋಪಾಲರು ಉಗ್ರಾಣದ ಪತ್ರಕ್ಕ ಉತ್ತರ ಬರದಿದ್ರು, ಬಾಯಿಸಾಹೇಬರ ಅಪ್ಪಣೆಯಂತೆ, ನಾ ಚಹಾ ಕುಡದೆ, ಸಕ್ಕರಿ ಸರಿ ಇತ್ತು.

ಮೆಹರುನ್ನಿಸಾ ಬಂದಾಕಿ ಎಲ್ಲಾ ಒಮ್ಮೆಲೆ ಕೂತು ಓದ್ಯಾಳ, ಸೀದಾ ಆಫೀಸಿಗೆ ಬಂದು ನನ್ನ ಮೇಜಿನ ಹಂತ್ಯಾಕ ನಿಂತ್ಲು, ಒದರಲಿಲ್ಲ, ಒದರಿದ್ರ ನಾನೂ ಒದರತಿದ್ದೆ. ಆಟದಾಗ ಬಾಗ್ಲಾ ಮುಚ್ಚೋದು ಆಟಽ ಬಾಯಿ, ಒಬ್ಬಾಕಿಗೆ ಉತ್ತರ ಕೊಡಬ್ಯಾಡ್ರಿ ಅಂತ ಹತ್ತು ಮಂದಿಗೆ ಹೇಳೋದು ಬಿಲ್ಕುಲ್ ಆಟ ಅಲ್ಲ. ಪತ್ರ ಹಾಕಿದ್ರ ಆಕಿ ಉತ್ತರ ಕೊಡವಲ್ಲಳು, ಸೇರೋವಾಗ ವಿಳಾಸ ಕೊಟ್ಟಾಳ, ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿ, ಮಾನಮ್ಮ ಅಂತ ಹೆಸರು, ನೀವಽ ಹೋಗಿ ಕರಕೊಂಡು ಬರ್ರಿ. ನನಗಿಂತ ಹತ್ತು ವರ್ಷ ಸಣ್ಣಾಕಿ, ನನಗ ಹೇಳ್ತಾಳ ಹೋಗ್ರಿ ಅಂತ. ರವಿವಾರ ಹೋದೆ, ಹುಮನಾಬಾದ ಬಸ್ಸು, ಬಿಸಲು, ಕಿಡಕಿ ಸರಳು ಮುಟ್ಟಿದ್ರ ಚುರ್ ಅಂತಿತ್ತು, ದಾರಿ ತುಂಬಾ ಹೇಳಬೇಕಾದ ಮಾತು ಜೋಡಸ್ಕೋತ ಹೋದೆ, ನೋಡವ್ವಾ, ಊರಂದ ಮ್ಯಾಲೆ ಒಂದು ರೀತಿ ಇರ್ತದ, ನಿನ್ನ ಹಣ್ಣಿನ ಬುಟ್ಟಿ ಏಳನೇ ಬಾಗಿಲಕ್ಕ ಇಟಗೋ, ಮಾತು ಜರಾ ಕಡಿಮಿ ಮಾಡು — ಮಾತು, ಅದೇ ನನಗ ಆಗದ್ದು, ಆಕಿ ಚಟಚಟ ಮಾತು. ಕಮಲಾಪುರದಾಗ ಇಳದ್ರ ಎಲ್ಲಾ ಕಡೆ ಕೆಂಪು ಹಣ್ಣಿನ ಗೊನಿ ನೇತು ಹಾಕ್ಯಾರ, ಅಂಗಡಿ ಸಿಕ್ತು, ಒಳಗ ಮೂವತ್ತೈದರ ಹೆಣ್ಣುಮಗಳು, ಹಸರು ಬಳಿ, ಕೀಲಿಮಣಿ ನೋಡದಽ ಟೈಪ್ ಮಾಡ್ಲಿಕತ್ತಿದ್ಲು, ಎದುರಿಗೆ ದೇವೀಂದ್ರಪ್ಪ ಅನ್ನೋ ಮುದುಕ ಪಿಂಚಣಿ ಅರ್ಜಿ ಹೇಳ್ಲಿಕತ್ತಿದ್ದ, ಆಕಿ ನಡುವ ನಿಲ್ಲಿಸಿ ಒಂದು ಹಾಳಿ ಮ್ಯಾಲೆ ಏನೋ ಬರದು ಅವನ ಮುಂದ ಹಿಡದ್ಲು, ಅವ ಓದಿ ಹೂಂ ಹಂಗಽ ಅಂದ. ನಾ ಮಾನಮ್ಮ ಅಂದ್ರ ಯಾರ್ರಿ ಅಂತ ಕೇಳಿದೆ, ಮುದುಕ ಅಂದ, ಈಕಿನಽರೀ, ಮಾತು ತಡೀತಾವ ಈಕಿಗೆ, ಸಣ್ಣಾಕಿದ್ದಾಗಿಂದ, ಹೊಸಬರ ಮುಂದಂತೂ ಬಾಯಿನಽ ತೆರಿಯಂಗಿಲ್ಲ, ಬರದು ತೋರಸ್ತಾಳ ನೋಡ್ರಿ. ಆಕಿ ಬರದು ತೋರಿಸಿದ್ಲು: ಝೆರಾಕ್ಸೋ ಟೈಪೋ ಹೇಳ್ರಿ, ಬಿಸಲಾಗ ಬಂದೀರಿ, ಮೊದಲ ಕುಂದರ್ರಿ.

ಕುಂದರ್ರಿ. ಅದಽ ಅಕ್ಷರ, ಅದಽ ಮಾತು, ಕೈಯಾಗ ಎಲ್ಲಾ ಅದ, ಬಾಯಾಗ ಏನೂ ಇಲ್ಲ. ಜೋಡಿಸಿಕೊಂಡು ಬಂದದ್ದು ಒಂದೂ ನೆನಪಾಗಲಿಲ್ಲ, ಝೆರಾಕ್ಸ್ ಅಂದೆ, ಯಾತರದು, ಕೈಚೀಲದಾಗ ಕೈ ಹಾಕಿ ಸಿಕ್ಕದ್ದು ಕೊಟ್ಟೆ, ಕಾಲೇಜಿನ ಗುರುತಿನ ಚೀಟಿ, ಕೊಟ್ಟ ಮ್ಯಾಲೆ ತಿಳೀತು ಏನು ಕೊಟ್ಟೆ ಅಂತ. ಆಕಿ ಝೆರಾಕ್ಸ್ ಮಷೀನಿನ ಕಾಜಿನ ಮ್ಯಾಲೆ ಇಡ್ಲಿಕ್ಕೆ ಹೋದಾಕಿ ನಿಂತ್ಲು, ಓದಿದ್ಲು, ಮತ್ತ ಓದಿದ್ಲು, ನನ್ನ ಕಡೆ ತಿರಗಿದ್ಲು. ಸಿಟ್ಟೋ ಸಂತೋಷನೋ ನನಗ ಓದಲಿಕ್ಕೆ ಬರಲಿಲ್ಲ. ಬರೀತಾಳ ಅಂದ್ಕೊಂಡೆ, ಬರೀಲಿ, ಏನರ ಬಯ್ದು ಬರೀಲಿ, ಬಯ್ದ್ರ ನನಗೂ ಬಯ್ಯಲಿಕ್ಕೆ ಬರ್ತದ — ಆಕಿ ಪೆನ್ನು ಮೇಜಿನ ಮ್ಯಾಲೆ ಇಟ್ಲು. ಇಟ್ಟು ಈ ಕಡೆ ಬಂದ್ಲು, ನನ್ನ ಎದುರಿಗೆ ಒಂದು ಮಾರು ದೂರ, ಬಾಯಿಲೆ ಹೇಳಬೇಕಂತ ನಿಂತ್ಲು, ಮುದುಕ ಟೈಪಿನ ಹಾಳಿ ಬಿಟ್ಟು ಆಕಿ ಮುಖಾನಽ ನೋಡ್ಲಿಕತ್ತ. ಎರಡೂ ತುಟಿ ಕೂಡಿದ್ವು, ಬಿಗದ್ವು, ಬಿಳುಪಾದ್ವು, ಕುತ್ತಿಗಿ ನರ ಎದ್ದು ನಿಂತ್ವು, ಕಣ್ಣು ನನ್ನ ಮ್ಯಾಲಿಂದ ತೆಗೀವಲ್ಲಳು, ತುಟಿ ಬಿಚ್ಚವಲ್ವು. ಎಷ್ಟು ಹೊತ್ತು, ಒಂದು ನಿಮಿಷ ಇರಲಿಕ್ಕಿಲ್ಲ. ಬಸ್ ಬಂತು, ಅಂದೆ ನಾ. ಬಸ್ ಬಂದಿರಲಿಲ್ಲ. ಚೀಟಿ ಕಸಗೊಂಡು ಹೊರಗ ಬಂದೆ, ಬಿಸಲಾಗ ಅರ್ಧಾ ತಾಸು ನಿಂತೆ, ಅಂಗಡಿ ಕಡೆ ಬೆನ್ನು ಮಾಡಿ.

ಸಿಕ್ಕಿದ್ಲೇನು ಬಾಯಿ, ಅಂತ ಕೇಳಿದ್ಲು ಮೆಹರುನ್ನಿಸಾ. ಸಿಕ್ಲು. ಬರ್ತಾಳಂತ? ಇಲ್ಲ, ಆಸಕ್ತಿ ಇಲ್ಲಂತ. ಹಂಗಂದ್ಲಾ? ಹಂಗಽ ಅಂದ್ಲು. ಅಂದ್ಲು ಅಂದೆ ನಾ, ನಾಲಿಗಿ ತಡವರಸದಽ ಅಂದೆ. ಮೆಹರುನ್ನಿಸಾ ನನ್ನ ಕೈ ಹಿಡದು, ಹೋಗಿ ಬಂದಿರಲ್ಲ, ಅಷ್ಟಽ ಸಾಕು ಅಂದ್ಲು, ಅದಕ್ಕಽ ಈ ಪತ್ರ ನನ್ನ ಪಾಲಿಗೆ ಬಂದದ. ಇನ್ನೇನು, ಬರದು ಹಾಕಿದ್ರ ಮುಗೀತು, ನಾಕೂ ಮುಕ್ಕಾಲು ಆಗ್ಲಿಕ್ಕೆ ಬಂತು, ಆಕಿ ಏನು ಹೇಳವಳಿದ್ಲು ಅಂತ ನಾ ಯಾಕ ವಿಚಾರ ಮಾಡಬೇಕು, ತುಟಿ ಕೂಡಿಸಿ ಸುರು ಆಗೋ ಮಾತು ಎಷ್ಟಿಲ್ಲ, ಬಾಗಿಲ ಅನ್ನವಳಿದ್ಲೋ, ಬಾಯಾರ ಅನ್ನವಳಿದ್ಲೋ, ತನ್ನ ಹೆಸರಽ ಹೇಳವಳಿದ್ಲೋ, ಮಾನಗೇಡಿ ಅನ್ನವಳಿದ್ಲೋ, ಅಂದಿದ್ರ ಚಲೋ ಇತ್ತು, ಅಂದುಬಿಟ್ಟಿದ್ರ ಅದು ಆಕಿ ಹಂತ್ಯಾಕ ಮುಗೀತಿತ್ತು, ಇನ್ನೊಂದು ಗಳಿಗಿ ನಿಂತಿದ್ರ — ನಿಲ್ಲಲಿಲ್ಲ, ಬರಿ ಅನಸೂಯಾ, ಬರಿ, 'ಅಂಜಬೇಡಿ, ತಪ್ಪಾದರೆ ಚಿಂತೆಯಿಲ್ಲ, ನಾವು ಕಾಯುತ್ತೇವೆ', ಹೂಂ, ಮುಂದ 'ಬನ್ನಿ' ಅಂತ ಹಾಕಿದ್ರ ಆತು, ನಾ ಬಾಯಾಗ ಅನ್ಕೋತಽ ಟೈಪ್ ಮಾಡಾಕಿ, ಬ ಅನ್ನಬೇಕಂದ್ರ ತುಟಿ ಕೂಡಬೇಕು, ಕೂಡಿದ್ವು, ಗೀಟು ಮಿಣುಕ್ತದ, ಮೇಜಿನ ಮ್ಯಾಲೆ ಪೆನ್ನು ಇಟ್ಲು, ಎದುರಿಗೆ ಬಂದು ನಿಂತ್ಲು, ಎರಡು ತುಟಿ, ಬಿಗದದ್ದು, ಬಿಳುಪಾದದ್ದು, ಬ, ಬ, ಎರಡು ತುಟಿ, ಕೂಡಿದ್ದು ಕೂಡಿದಂಗಽ, ಎರಡು ತುಟಿ