ಫಿನ್ಲೆಂಡಿನ ಬುಟ್ಟಿ

ನಾನು ಯುರೋಪಿಗೆ ಹೋಗಿಲ್ಲ. ಹೋಗುವ ಅಗತ್ಯವೇ ಬಿದ್ದಿಲ್ಲ. ಪ್ರತಿ ಶನಿವಾರ ಕಡೇ ಪೀರಿಯಡ್ಡಿಗೆ ಯುರೋಪೇ ಎದ್ದು ರಾಮನಗರಕ್ಕೆ, ನಮ್ಮ ಶಾಲೆಯ ಒಂಬತ್ತನೇ ತರಗತಿಗೆ ಬಂದು ಕೈಕಟ್ಟಿ ನಿಲ್ಲುತ್ತಿತ್ತು. ನಾನು, ಪ್ರಕಾಶ್ ಮೇಷ್ಟ್ರು, ಆಲ್ಪ್ಸ್ ಪರ್ವತದ ಹಿಮವನ್ನು ಬಣ್ಣಿಸಿದ ದಿನ ಸುಡುವ ಮಾರ್ಚ್ ತಿಂಗಳಲ್ಲಿ ಮುಂದಿನ ಬೆಂಚಿನವರಿಗೆಲ್ಲ ನೆಗಡಿ ಹಿಡಿಯಿತು. ನನ್ನ ಗಂಟಲಿಗೆ ಬೆಚ್ಚಿ ರಾಮದೇವರ ಬೆಟ್ಟದ ರಣಹದ್ದುಗಳು ಮಾಗಡಿ ಕಡೆಗೆ ಗುಳೆ ಹೋದವು ಎಂದು ಊರಲ್ಲಿ ಮಾತಿದೆ. ಆ ಮಾತನ್ನು ಹಬ್ಬಿಸಿದವನು ನಾನೇ ಇರಬಹುದು, ಅದು ಬೇರೆ ವಿಷಯ.

ಶಾಲೆಯಂಗಳದಲ್ಲಿ ಸುಣ್ಣದ ಪುಡಿಯಿಂದ ಯುರೋಪಿನ ನಕ್ಷೆ ಬರೆಯುತ್ತಿದ್ದೆ. ಮಕ್ಕಳು ಒಂದೊಂದು ದೇಶದ ಮೇಲೆ ನಿಂತು, ತಮ್ಮ ದೇಶವೇ ಯಾಕೆ ಮೇಲು ಎಂದು ಮಿಕ್ಕವರನ್ನು ಒಪ್ಪಿಸಬೇಕು. ಭೂಗೋಳಕ್ಕೆ ಭೂಗೋಳ, ಭಾಷಣಕ್ಕೆ ಭಾಷಣ. ಡ್ಯಾನ್ಯೂಬ್ ನದಿ ಹತ್ತು ದೇಶಗಳಲ್ಲಿ ಹರಿಯುತ್ತದೆ ಎಂದಾಗ ದೀಪು ಕೇಳಿದ: "ಸಾ, ನಾವು ಎಲ್ಡು ರಾಜ್ಯಕ್ಕೇ ಇಂಗ್ ಕಿತ್ತಾಡ್ತೀವಿ, ಅವ್ರು ನೀರು ಎಂಗೆ ಅಂಚ್ಕತಾರೆ?" ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಗಂಟೆ ಹೊಡೆದರೂ ಮುಗಿಯಲಿಲ್ಲ.

ಇಂಥ ತರಗತಿಯ ಮೇಲೆ ಕಣ್ಣು ಹಾಕಿದವರು ನಮ್ಮ ಹೆಡ್‌ಮೇಡಂ ಸರಸಮ್ಮ.

"ಪ್ರಕಾಶ್ ಅವ್ರೇ, ಗಣಿತಕ್ಕೆ ಪೀರಿಯಡ್ ಸಾಲ್ತಾ ಇಲ್ಲ. ನಿಮ್ಮ ಯುರೋಪು ಮುಂದಿನ ವಾರದಿಂದ ಬಂದ್."

"ಮೇಡಂ, ಶುಕ್ರವಾರ ನಾಲ್ಕು ತಾಲೂಕಿನ ಭಾಷಣ ಸ್ಪರ್ಧೆ ಐತೆ. ಕಪ್ ತಂದ್ಬುಟ್ರೆ?"

"ಮೊದ್ಲು ತನ್ನಿ. ಆಮೇಲೆ ನೋಡಾಣ."

ಸ್ಪರ್ಧೆಯ ನಿಯಮ ಸರಳ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಿಂದ ಒಬ್ಬೊಬ್ಬರು. ಚೀಟಿಯಲ್ಲಿ ಬಂದ ಯುರೋಪಿನ ದೇಶಕ್ಕೆ ಜನ ಪ್ರವಾಸ ಹೊರಡುವಂತೆ ಮಾತಾಡಬೇಕು. ತೀರ್ಪುಗಾರರಿಲ್ಲ. ಕೇಳುಗರ ಕೈಗೆಲ್ಲ ಒಂದೊಂದು ರೇಷ್ಮೆ ಗೂಡು. ಯಾವ ದೇಶ ಮನಸ್ಸಿಗೆ ಹಿಡಿಯಿತೋ ಅದರ ಬುಟ್ಟಿಗೆ ಹಾಕುವುದು.

ನಾನು ಆರಿಸಿದ್ದು ಅಸ್ರಾಳನ್ನು. ಕಣ್ಣು ಕಟ್ಟಿ ಬಿಟ್ಟರೂ ನಕ್ಷೆಯ ಮೇಲೆ ಪೋರ್ಚುಗಲ್ಲಿನಿಂದ ಪೋಲೆಂಡಿಗೆ ಗಡಿ ತಪ್ಪದೆ ನಡೆಯುವ ಹುಡುಗಿ. ನೂಲು ಬಿಚ್ಚುವ ಯಂತ್ರಗಳ ಗದ್ದಲದಲ್ಲಿ ಬೆಳೆದವಳು, ಹಾಗಾಗಿ ಮೈಕೂ ಬೇಡ. ಆದರೆ ಒಂದು ತೊಡಕು: ಅವಳ ಅಪ್ಪ ಶರೀಫ್ ರೀಲರ್. ಗೂಡು ಕೊಂಡು ನೂಲು ತೆಗೆಯುವ ಮನೆತನ.

ರೀಲರ್ ಮನೆಯ ಮಾತಿನ ಧಾಟಿಯೇ ಬೇರೆ. ಈಗ ಗೂಡಿನ ಹರಾಜೆಲ್ಲ ಮೊಬೈಲಿನಲ್ಲಿ ನಡೆಯುತ್ತದೆ, ನಿಜ. ಆದರೂ ಮಾರುಕಟ್ಟೆಗೆ ಹೋದ ರೀಲರ್ ಒಂದು ಗೂಡೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಮೂಗು ಮುರಿಯದೆ ಬಿಡುವುದಿಲ್ಲ. "ಸಣ್ಣ ಐತೆ, ಮೆತ್ತಗೈತೆ, ಎಳೆ ಬರಲ್ಲ." ಮಾಲು ಎಷ್ಟು ಮನಸ್ಸಿಗೆ ಹಿಡಿದಿದೆಯೋ ಅಷ್ಟು ಹುಳುಕು ಹುಡುಕುತ್ತಾನೆ. ಬೇಡದ ಮಾಲಿನ ಮುಂದೆ ಅವನು ಬಾಯಿಯನ್ನೇ ಬಿಡುವುದಿಲ್ಲ, ಮುಂದಕ್ಕೆ ನಡೆಯುತ್ತಾನೆ.

ಅಭ್ಯಾಸಕ್ಕೆ ಅಸ್ರಾಳಿಗೆ ಇಟಲಿ ಕೊಟ್ಟೆ.

"ಇಟಲೀಲಿ ಏನೈತೆ? ಬೂಟಿನ ಆಕಾರ, ಅದೂ ಒಂದೇ ಕಾಲಿಗೆ. ಒಂದು ಗೋಪುರ ಐತೆ, ವಾಲ್ಕೊಂಡೈತೆ. ಒಂದು ಊರು ಐತೆ, ನೀರಲ್ಲಿ ನಿಂತೈತೆ."

"ಅಯ್ಯೋ, ಹೊಗಳಮ್ಮಾ!"

"ಹೊಗಳಿದ್ರೆ ರೇಟ್ ಏರಲ್ವಾ ಸಾ?"

ವಾರವಿಡೀ ಕೂರಿಸಿ ಹೊಗಳಿಕೆ ಅರೆದು ಕುಡಿಸಿದೆ. ನನ್ನ ವಿಶೇಷಣಗಳ ಭಾರಕ್ಕೆ ಬೆಂಚಿನ ಕಾಲು ಮುರಿಯಿತು.

ಶುಕ್ರವಾರ ಸಭಾಂಗಣ ಕಿಕ್ಕಿರಿದಿತ್ತು. ಒಂದು ಲಕ್ಷ ಜನ ಎಂದರೆ ನೀವು ನಂಬುವುದಿಲ್ಲ, ಐನೂರು ಎಂದರೆ ನನಗೆ ಸಮಾಧಾನವಾಗುವುದಿಲ್ಲ. ಪಕ್ಕದ ಮಾರುಕಟ್ಟೆಯಲ್ಲಿ ಗೂಡು ಮಾರಿದ ರೈತರು ಫ್ಯಾನಿನ ಗಾಳಿಗೂ ಉಪ್ಪಿಟ್ಟಿಗೂ ಒಳಗೆ ಬಂದು ಕೂತಿದ್ದರು. ಮುಂದಿನ ಸಾಲಿನಲ್ಲಿ ಕಬ್ಬಾಳಿನ ಬೋರಲಿಂಗಯ್ಯ, ಹೆಗಲ ಮೇಲೆ ಟವೆಲ್. ಗೋಡೆಗೊರಗಿ ರೀಲರುಗಳು, ಅವರ ನಡುವೆ ಶರೀಫ್.

ಮಾಗಡಿಯ ಹುಡುಗ ಫ್ರಾನ್ಸನ್ನು ಹೊಗಳಿದ. ಕನಕಪುರದವಳು ಸ್ವಿಟ್ಜರ್ಲೆಂಡನ್ನು ಸ್ವರ್ಗ ಎಂದಳು. ಚನ್ನಪಟ್ಟಣದವನು ಗ್ರೀಸನ್ನು ಅದಕ್ಕೂ ಮೇಲಿನ ಸ್ವರ್ಗ ಎಂದ. ಬೋರಲಿಂಗಯ್ಯ ಆಕಳಿಸಿದ.

ಅಸ್ರಾಳ ಚೀಟಿಯಲ್ಲಿ ಬಂದದ್ದು ಫಿನ್ಲೆಂಡ್.

"ಮಾನ್ಯರೇ, ಫಿನ್ಲೆಂಡ್ ಅತ್ಯಂತ ರಮಣೀಯ, ಮನಮೋಹಕ..." ಎಂದವಳು ನಿಂತುಬಿಟ್ಟಳು. ಮುಂದಿನದು ಮರೆತುಹೋಗಿತ್ತು. ನನ್ನ ಎದೆ ಬಡಿತಕ್ಕೆ ಕಿಟಕಿಯ ಗಾಜು ಅದುರಿತು. ಶನಿವಾರಗಳೆಲ್ಲ ಸಾಲಾಗಿ ಗಣಿತದ ಬಾಯಿಗೆ ಬೀಳುವುದು ಕಣ್ಣಿಗೆ ಕಂಡಿತು.

ಅವಳ ಕೈಯಲ್ಲೂ ಒಂದು ಗೂಡಿತ್ತು. ತನಗೇ ಗೊತ್ತಿಲ್ಲದಂತೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಮೂಗು ಮುರಿದಳು.

ಇಡೀ ಸಭಾಂಗಣ ನೆಟ್ಟಗೆ ಕೂತಿತು.

"ಏನೈತೆ ಫಿನ್ಲೆಂಡಲ್ಲಿ?" ಎಂದಳು, ಅಪ್ಪನದೇ ಧ್ವನಿಯಲ್ಲಿ. "ಎಲ್ಲಿ ನೋಡಿದ್ರೂ ಕೆರೆ. ಸಾವಿರಾರು ಕೆರೆ. ಕಾಲಿಟ್ಟ ಕಡೆ ಒದ್ದೆ."

ಬೋರಲಿಂಗಯ್ಯನಿಗೆ ಆ ಧಾಟಿ ಬೆಳಿಗ್ಗೆಯಷ್ಟೇ ಮಾರುಕಟ್ಟೆಯಲ್ಲಿ ತಗುಲಿತ್ತು. ಮೈಯಲ್ಲಿದ್ದ ಮಾರಾಟಗಾರ ಎದ್ದು ನಿಂತ.

"ಅಂಗಂದ್ರೆ ಎಂಗವ್ವಾ? ಅಷ್ಟು ಕೆರೆ ಇದ್ರೆ ಬೋರ್‌ವೆಲ್ ಬತ್ತದಾ? ಅದು ಒಳ್ಳೇ ಮಾಲು ಕಣವ್ವ!"

"ಒಳ್ಳೇ ಮಾಲಾ? ಬೇಸಿಗೇಲಿ ಬಡಗಲ ತುದಿಯಲ್ಲಿ ಸೂರ್ಯ ಮುಳುಗೋದೇ ಇಲ್ಲ ತಾತ. ಸರಿರಾತ್ರೀಲೂ ಬಿಸಿಲು. ನಿದ್ದೆ ಎಲ್ಲಿಂದ ಬರ್ಬೇಕು?"

"ನಮ್ಗೆ ಈಗ ಏನು ನಿದ್ದೆ ಬತ್ತಾ ಐತಾ? ತ್ರೀ ಫೇಸ್ ಕರೆಂಟು ಕೊಡೋದೇ ರಾತ್ರಿಗೆ! ಅಲ್ಲಾದ್ರೆ ಬೆಳಕಲ್ಲೇ ನೀರು ಕಟ್ಬೋದು, ಹಾವಿನ ಭಯ ಇಲ್ಲ!"

"ಹೌದು ಕಣ್ಲಾ!" ಎಂದು ಹಿಂದಿನ ಸಾಲುಗಳೂ ಎದ್ದವು.

ಗೋಡೆಗೊರಗಿದ್ದ ರೀಲರುಗಳು ಹುಡುಗಿಯ ಪರ ನಿಂತರು. "ಆರು ತಿಂಗಳು ಚಳಿಯಂತೆ, ಹುಳ ಸಾಯ್ತದೆ," ಎಂದ ಶರೀಫ್. "ಚಳಿಗೆ ಕಂಬಳಿ ಐತೆ ಕಣಯ್ಯಾ!" ಎಂದು ರೈತರು. ಫಿನ್ಲೆಂಡಿನ ಹೆಸರನ್ನು ಆವತ್ತೇ ಮೊದಲ ಸಲ ಕೇಳಿದವರು ಅದರ ಮಾನಕ್ಕಾಗಿ ಪ್ರಾಣ ಕೊಡಲು ನಿಂತಿದ್ದರು.

ಅಸ್ರಾ ಕೈಯೆತ್ತಿದಳು. ಸದ್ದಡಗಿತು.

"ಇದೆಲ್ಲ ಸಹಿಸ್ಕೊಂಡ್ರೂ, ದೇಶದ ಮುಕ್ಕಾಲು ಪಾಲು ಬರೀ ಕಾಡು. ಕಾಡಲ್ಲಿ ಹುಡುಕಿದ್ರೆ ಒಂದು ಆನೆ ಸಿಗಲ್ಲ."

ಬೋರಲಿಂಗಯ್ಯನ ಟವೆಲ್ ಕೆಳಗೆ ಬಿತ್ತು.

"ಏನಂದೆ? ಆನೆ ಇಲ್ವಾ?"

"ಒಂದೂ ಇಲ್ಲ."

"ಬಾಳೆಗೆ ನುಗ್ಗಲ್ವಾ? ರಾಗಿ ತುಳಿಯಲ್ವಾ?"

"ತುಳಿಯೋಕೆ ಆನೆ ಬೇಕಲ್ಲ ತಾತ."

"ಆನೆ ಇಲ್ದಿರೋ ಕಾಡು!" ಎಂದು ಬೋರಲಿಂಗಯ್ಯ ಕೂಗಿದ ಕೂಗು ಹಾರೋಹಳ್ಳಿಯ ಕಾರ್ಖಾನೆಗಳಿಗೆ ಕೇಳಿಸಿ, ಶಿಫ್ಟ್ ಮುಗಿಯಿತೆಂದು ಅಲ್ಲಿನವರು ಮನೆಗೆ ಹೊರಟರಂತೆ. "ಬುಟ್ಟಿ ಎಲ್ರಯ್ಯಾ ಐತೆ?"

ಗೂಡುಗಳ ಮಳೆ. ಫಿನ್ಲೆಂಡಿನ ಬುಟ್ಟಿ ತುಂಬಿತು, ಮೇಜು ತುಂಬಿತು, ಉಕ್ಕಿದ್ದನ್ನು ಬೋರಲಿಂಗಯ್ಯ ತನ್ನ ಟವೆಲಿಗೆ ತುಂಬಿದ. ಬೈದ ರೀಲರುಗಳೂ ಕದ್ದುಮುಚ್ಚಿ ಅದಕ್ಕೇ ಹಾಕಿದರು. ಶರೀಫ್ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ಮಿಕ್ಕ ಮೂರು ಬುಟ್ಟಿಗಳಲ್ಲಿ ಆಯಾ ಊರಿನ ಮೇಷ್ಟ್ರುಗಳ ಗೂಡು ಬಿಟ್ಟರೆ ಬರೀ ಗಾಳಿ. ಕಪ್ ಹಿಡಿದು ಅಸ್ರಾ ಕುಣಿದಳು, ನಾನು ಅವಳಿಗಿಂತ ಎತ್ತರಕ್ಕೆ ಹಾರಿ ಫ್ಯಾನಿಗೆ ತಲೆ ತಾಗಿಸಿಕೊಂಡೆ.

ನೇರ ಸರಸಮ್ಮನವರ ಕೋಣೆಗೆ ನುಗ್ಗಿದೆವು. ಮೇಡಂ ಕಪ್ಪನ್ನು ತಿರುಗಿಸಿ ನೋಡಿದರು. ಉಗುರಿನಿಂದ ತಟ್ಟಿದರು.

"ಏನ್ರೀ ಇದು, ಹಗೂರ ಐತೆ. ಹಿಡಿ ಸೊಟ್ಟ."

ಹೇಳುತ್ತಲೇ ಗಾಜಿನ ಬೀರು ತೆರೆದು, ವಾಲಿಬಾಲ್ ಶೀಲ್ಡನ್ನು ಪಕ್ಕಕ್ಕೆ ತಳ್ಳಿ, ನಡುಮಧ್ಯೆ ಅದನ್ನಿಟ್ಟರು. "ನಿಮ್ಮ ಶನಿವಾರದ ಪೀರಿಯಡ್ಡೂ ಅಷ್ಟೇ. ಬರೀ ಗಲಾಟೆ. ಅಂಗಳದ ತುಂಬ ಸುಣ್ಣ. ಮಕ್ಕಳು ಮನೇಗೆ ಹೋಗೋದೇ ಮರೀತಾರೆ."

ನನ್ನ ಮುಖ ಇಳಿಯಿತು. ಅಸ್ರಾ ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು: "ಸಾ, ಮೂಗು ನೋಡಿ!"

ನೋಡಿದೆ. ಮೇಡಂ ಮೂಗು ಮುರಿದಿದ್ದರು, ಪಕ್ಕಾ ರಾಮನಗರದ ಮೂಗು.

ಮರುದಿನ ಕಡೇ ಪೀರಿಯಡ್ಡಿಗೆ ಅಂಗಳದಲ್ಲಿ ನಾನು ನಾರ್ವೆಯ ಕರಾವಳಿ ಬರೆಯುತ್ತಿದ್ದಾಗ ಸುಣ್ಣ ಮುಗಿಯಿತು. ಇನ್ನೊಂದು ಚೀಲ ಕಳಿಸಿದವರು ಸರಸಮ್ಮ.